ತಿರುವಿನಲ್ಲಿ ನಿಂತವರು

ಒದ್ದೆ ಗಾರೆಯ ವಾಸನೆ ಬಂದರೆ ನನಗೆ ಈಗಲೂ ಆರು ವರ್ಷ. ಮನೆಗೆ ಹಿಂದಿನ ಕೋಣೆ ಕಟ್ಟಿಸುವಾಗ ಹಸಿ ಗೋಡೆಗೆ ಮೂಗು ಒತ್ತಿ ನಿಂತುಬಿಡುತ್ತಿದ್ದೆ. ಅಮ್ಮ ಬಂದು ಮೂಗಿನ ತುದಿ ಒರೆಸಿ, ಬೈಯದೆ ಒಳಗೆ ಕರೆದೊಯ್ಯುತ್ತಿದ್ದಳು. ಅದೇ ವಾಸನೆ ಅವತ್ತು ಬೆಳಿಗ್ಗೆ ವಿಶ್ವವಿದ್ಯಾಲಯದ ಹೊಸ ಗ್ರಂಥಾಲಯದಲ್ಲಿ, ಕೈಗೆ ಬಂದ ಒಂದೊಂದು ಪುಸ್ತಕದ ಜೊತೆಗೂ ಬರುತ್ತಿತ್ತು. ಕಟ್ಟಡ ಮುಗಿದು ನಾಲ್ಕು ತಿಂಗಳಾಗಿತ್ತು. ಹಸಿ ಗಾರೆ ಎಲ್ಲೂ ಇರಲಿಲ್ಲ.

ಹಳೆಯ ಗ್ರಂಥಾಲಯದಲ್ಲಿ ಮೂವತ್ತೊಂದು ವರ್ಷ ದುಡಿದು ನಿವೃತ್ತಳಾದವಳೆಂದು ಪುಸ್ತಕ ಸಾಗಿಸುವ ದಿನ ನನ್ನನ್ನೂ ಕರೆಸಿದ್ದರು. ಲಿಫ್ಟಿಗೆ ಇನ್ನೂ ಪರವಾನಗಿ ಸಿಕ್ಕಿರಲಿಲ್ಲ. ಮೂಟೆ ಕಟ್ಟಿ ಹೊತ್ತರೆ ಪುಸ್ತಕಗಳ ಕ್ರಮ ಕೆಡುತ್ತದೆ. ಹಾಗಾಗಿ ಹಳೆಯ ಕಟ್ಟಡದಿಂದ ಹೊಸದರ ಮೂರನೇ ಮಹಡಿಯವರೆಗೆ ಜನ ಸಾಲಾಗಿ ನಿಂತು ಕೈಯಿಂದ ಕೈಗೆ ದಾಟಿಸುವುದೆಂದು ತೀರ್ಮಾನವಾಯಿತು. ಮೇಷ್ಟ್ರುಗಳು, ವಿದ್ಯಾರ್ಥಿಗಳು, ಗುಮಾಸ್ತರು, ಮಾಲಿಗಳು, ಎಲ್ಲರೂ ಇದ್ದರು. ಒಬ್ಬೊಬ್ಬರು ನಿಲ್ಲುವ ಜಾಗದಲ್ಲಿ ಟೈಪಿಸ್ಟ್ ಹುಡುಗಿ ಸೀಮೆಸುಣ್ಣದಿಂದ ಸುತ್ತು ಬರೆದಿದ್ದಳು. ಮೆಟ್ಟಿಲ ತುದಿಯಲ್ಲಿ ಕುರ್ಚಿ ಹಾಕಿಕೊಂಡು ದಾಖಲೆಯಲ್ಲಿ ಟಿಕ್ ಮಾಡುವುದು ನನ್ನ ಕೆಲಸ. ಯಾರೋ ನನ್ನ ಪಾದದಡಿಗೆ ಹಳೆಯ ಪತ್ರಿಕೆಗಳ ಕಟ್ಟೊಂದನ್ನು ಇಟ್ಟಿದ್ದರು, ಮಂಡಿ ನೋಯದಿರಲೆಂದು. ಯಾರೆಂದು ಕೇಳಿದರೆ ಒಬ್ಬರೂ ಒಪ್ಪಿಕೊಳ್ಳಲಿಲ್ಲ.

ನನ್ನಿಂದ ನಾಲ್ಕು ಮೆಟ್ಟಿಲು ಕೆಳಗೆ ದಾರಿ ಕಡಿದಾಗಿ ತಿರುಗುತ್ತದೆ. ನಡುವೆ ಗೋಡೆ, ದೀಪ ಇನ್ನೂ ಹಾಕಿಲ್ಲ. ಅಲ್ಲಿನ ಸುತ್ತಿನಲ್ಲಿ ನಿಲ್ಲಬೇಕಾದವರು ಗಣಿತದ ಮೇಷ್ಟ್ರು. ಗೋಡೆಯ ಆಚೆಗೆ ಕೈ ಚಾಚಿ ಪುಸ್ತಕ ತೆಗೆದುಕೊಂಡು ನನಗೆ ಕೊಡುತ್ತಿದ್ದವಳು ಕಟ್ಟಡ ಗುಡಿಸುವ ಹೆಂಗಸು. ಅವಳ ಗಂಡ ಇದೇ ಮೆಟ್ಟಿಲು ಕಟ್ಟಿದ ಗಾರೆಯವನು. ಹನ್ನೊಂದು ತಿಂಗಳ ಹಿಂದೆ, ಆ ತಿರುವಿನ ಗೋಡೆ ಎಬ್ಬಿಸುತ್ತಿದ್ದ ದಿನವೇ ಅವನು ಕಾಣೆಯಾದ. ಕರಣೆ ಎತ್ತಿಕೊಂಡು ಹೊರಟುಹೋದ, ಎಲ್ಲೋ ಇನ್ನೊಂದು ಸಂಸಾರ ಇರಬೇಕು ಎಂದರು ಕಂಟ್ರಾಕ್ಟರು. ಕನಿಕರಪಟ್ಟು ಇವಳಿಗೆ ಗುಡಿಸುವ ಕೆಲಸ ಕೊಟ್ಟರು. ಅದು ಕಾಯಂ ಆಗಬೇಕಾದರೆ ‘ಗಂಡ ನನ್ನನ್ನು ಬಿಟ್ಟು ಹೋಗಿದ್ದಾನೆ’ ಎಂದು ಅಂದು ಸಂಜೆ ನಾಲ್ಕರೊಳಗೆ ಬರೆದುಕೊಡಬೇಕಿತ್ತು. ಅವಳ ಪರವಾಗಿ ನಾನೇ ಬರೆದಿಟ್ಟ ಕಾಗದ ನನ್ನ ಚೀಲದಲ್ಲಿತ್ತು, ಸಹಿಯೊಂದೇ ಬಾಕಿ.

ಸಾಲು ಶುರುವಾಗುವ ಮೊದಲು ನಾನೇ ಕೇಳಿದ್ದೆ. “ಸಹಿ ಮಾಡಿಬಿಡೇ ತಾಯಿ. ಒಂದು ಗೆರೆ ತಾನೆ.”

“ಆ ಒಂದು ಗೆರೆಗೇ ಅಲ್ವಾ ಅಮ್ಮ, ನಾನು ಊರವ್ರ ಹತ್ರ ಎಲ್ಲಾ ಜಗಳ ಆಡ್ತಿರೋದು. ಅವ್ರು ಬಿಟ್ಟು ಹೋಗೋರಲ್ಲ.”

“ಕೆಲಸ ಹೋಗುತ್ತಲ್ಲೇ.”

“ಹೋದ್ರೆ ಹೋಗ್ಲಿ ಅನ್ನೋಕೆ ಹೊಟ್ಟೆ ಕೇಳಲ್ಲ. ನಾಲ್ಕು ಗಂಟೆವರೆಗೂ ಟೈಮಿದೆಯಲ್ಲ, ಬಿಡಿ.”

ಪುಸ್ತಕಗಳು ಬರತೊಡಗಿದವು. ರಟ್ಟಿನ ಮೇಲೆ ಬೂದು ಬೆರಳಚ್ಚು, ಮುಟ್ಟಿದರೆ ತೇವ. ಸೆರಗಿನಿಂದ ಒರೆಸಿ ಒರೆಸಿ ಇಟ್ಟೆ. ಯಾರದೋ ಕೈ ಕೊಳೆ, ಪಾಪ ದುಡಿಯುತ್ತಿದ್ದಾರೆ, ಏಕೆ ಅನ್ನುವುದು ಎಂದುಕೊಂಡೆ. ಗುಡಿಸುವಾಕೆಯ ಮುಖ ಸುಣ್ಣ ಬಳಿದ ಹಾಗಿತ್ತು.

ಹನ್ನೊಂದಕ್ಕೆ ಬಿಡುವು ಕೊಟ್ಟರು. ತಿರುವಿನ ಕೆಳಗೆ ನಿಂತಿದ್ದ ಮಾಲಿ, ಟೈಪಿಸ್ಟ್ ಇಬ್ಬರೂ ನನಗೆ ಚಹಾ ತಂದರು.

“ಏನಮ್ಮಾವ್ರೇ, ನಿಮ್ಮ ಗಣಿತದ ಮೇಷ್ಟ್ರು ಮೂಗರಾ?” ಎಂದ ಮಾಲಿ. “ಒಂಬತ್ತು ಗಂಟೆಯಿಂದ ಜೋಕ್ ಹೇಳ್ತಿದೀನಿ, ಹೂಂ ಇಲ್ಲ, ಉಹೂಂ ಇಲ್ಲ. ಕತ್ತಲಿಂದ ಬರೀ ಎರಡು ಕೈ ಬರುತ್ತೆ, ತಗೊಂಡು ಹೋಗುತ್ತೆ. ಅದೂ ಬಾವಿ ನೀರಿನ ಹಾಗೆ ತಣ್ಣಗೆ.”

“ನಿನ್ನ ಜೋಕಿಗೆ ಹೆಣಾನೂ ನಗಲ್ಲ ಮಾರಾಯ,” ಎಂದಳು ಟೈಪಿಸ್ಟ್. ಮರುಕ್ಷಣ ಅವಳ ಹುಬ್ಬು ಗಂಟಿಕ್ಕಿತು. “ತಾಳು, ಗಣಿತದ ಮೇಷ್ಟ್ರು ಬಂದೇ ಇಲ್ವಲ್ಲ. ಜ್ವರ ಅಂತ ಬೆಳಿಗ್ಗೇನೇ ಫೋನ್ ಮಾಡಿದ್ರು. ತಿರುವಿಗೆ ಬೇರೆಯವ್ರನ್ನ ಹಾಕೋದು ನನಗೆ ಮರೆತೇ ಹೋಯ್ತು.”

ಮಾಲಿ ನಗುತ್ತಿದ್ದವನು ಅಂಗೈಗಳನ್ನು ಪ್ಯಾಂಟಿಗೆ ಉಜ್ಜಿಕೊಂಡ. ಮತ್ತೆ ಉಜ್ಜಿಕೊಂಡ.

ನಾನು ಕಂಬಿ ಹಿಡಿದು ನಾಲ್ಕು ಮೆಟ್ಟಿಲು ಇಳಿದೆ. ಟೈಪಿಸ್ಟ್ ಮೊಬೈಲಿನ ಬೆಳಕು ಹಾಯಿಸಿದಳು. ಬೇರೆ ಕಡೆಯ ಸುತ್ತುಗಳೆಲ್ಲ ಎರಡು ಗಂಟೆಯ ತುಳಿತಕ್ಕೆ ಅಳಿಸಿಹೋಗಿದ್ದವು. ತಿರುವಿನದು ಮಾತ್ರ ಈಗಷ್ಟೇ ಬರೆದ ಹಾಗಿತ್ತು. ಅಷ್ಟರಲ್ಲಿ ಸಾವಿರದ ಆರುನೂರು ಪುಸ್ತಕ ಅಲ್ಲಿಂದ ದಾಟಿದ್ದವು. ಒಂದೂ ಕಡಿಮೆಯಿರಲಿಲ್ಲ, ಒಂದೂ ಹಿಂದುಮುಂದಾಗಿರಲಿಲ್ಲ. ಗೋಡೆಗೆ ಬೆರಳು ತಾಗಿಸಿದೆ. ಹಸಿ.

ಗುಡಿಸುವಾಕೆ ಮೆಟ್ಟಿಲ ಮೇಲೆ ಕೂತಿದ್ದಳು.

“ನಿನಗೆ ಗೊತ್ತಿತ್ತೇನೇ?” ಎಂದೆ.

“ನಾನು ಅವ್ರ ಕೈಯಾಳಾಗಿದ್ದೆ ಅಮ್ಮ. ಗಾರೆ ಬಾಂಡ್ಲಿ ಖಾಲಿಯಾದ್ರೆ ಬೇರೆಯವ್ರು ಮೇಲಿಂದ ಎಸೀತಾರೆ. ಅವ್ರು ಒಂದಿನಾನೂ ಎಸೆದೋರಲ್ಲ. ಬಗ್ಗಿ ಕೈಗೆ ಕೊಡೋರು, ಬಿಡೋ ಮುಂಚೆ ಅಡಿಗೆ ಎರಡು ಸಲ ತಟ್ಟೋರು. ಹಿಡ್ಕೊಂಡ್ಯಾ, ಬಿಡ್ತೀನಿ ಅಂತ.” ಅವಳು ನನ್ನ ಅಂಗೈ ಹಿಡಿದು ಅಡಿಯಿಂದ ಎರಡು ಸಲ ತಟ್ಟಿ ತೋರಿಸಿದಳು. “ಬೆಳಿಗ್ಗೆ ಮೊದಲ್ನೇ ಪುಸ್ತಕದಿಂದಾನೂ ತಟ್ಟಿ ಕೊಡ್ತಿದಾರೆ.”

“ಹೆದರಿಕೆ ಆಗಲಿಲ್ವಾ?”

“ಆಯ್ತು. ಆಮೇಲೆ ಸಿಟ್ಟು ಬಂತು. ಇಲ್ಲೇ ಇದ್ಕೊಂಡು ನನಗೆ ಊರೋರ ಬಾಯಲ್ಲೆಲ್ಲ ಮಾತು ಕೇಳಿಸಿದ್ರಲ್ಲ ಅಂತ.”

ನಾನು ಚೀಲದಿಂದ ಆ ಕಾಗದ ತೆಗೆದು ಹರಿದೆ. ಹೊಸ ಹಾಳೆಯಲ್ಲಿ ಬರೆದೆ: ನನ್ನ ಗಂಡ ನನ್ನನ್ನು ಬಿಟ್ಟು ಹೋಗಿಲ್ಲ. ಈ ಕಟ್ಟಡದಲ್ಲಿ ಕೆಲಸ ಮಾಡುತ್ತಿರುವಾಗಲೇ ಕಾಣೆಯಾಗಿದ್ದಾರೆ. ಮೂರನೇ ಮಹಡಿಯ ತಿರುವಿನ ಗೋಡೆ ಒಡೆಸಿ ನೋಡಬೇಕೆಂದು ಕೋರುತ್ತೇನೆ.

“ಇದನ್ನ ಕೊಟ್ರೆ ಕೆಲಸ ಸಿಗುತ್ತೋ ಇಲ್ವೋ ನಾ ಹೇಳಲಾರೆ,” ಎಂದೆ.

ಅವಳು ಪೆನ್ನು ತೆಗೆದುಕೊಂಡು, ನಿಧಾನವಾಗಿ, ಅಕ್ಷರ ಅಕ್ಷರವಾಗಿ ಸಹಿ ಮಾಡಿದಳು. ಸಾಕ್ಷಿಯೆಂದು ನಾನು ಮಾಡಿದೆ. ಟೈಪಿಸ್ಟ್ ಕೇಳದೆಯೇ ಕೆಳಗೆ ತನ್ನದನ್ನು ಹಾಕಿದಳು. ಮಾಲಿ, “ನಂದು ಹೆಬ್ಬೆಟ್ಟು, ನಡೆಯುತ್ತಾ?” ಎಂದು ಕೇಳಿ ಒತ್ತಿದ. ಟೈಪಿಸ್ಟ್ ಕಾಗದವನ್ನು ಆಗಲೇ ಕಚೇರಿಗೆ ಮುಟ್ಟಿಸಿ ಬಂದಳು.

ಕೆಳಗಿನಿಂದ ಗ್ರಂಥಪಾಲಕರು ಕೂಗಿದರು. ಸಾಲು ಮತ್ತೆ ಶುರುವಾಯಿತು. ತಿರುವಿಗೆ ಯಾರನ್ನೂ ನಿಲ್ಲಿಸಬೇಡವೆಂದೆ. ಮಾಲಿ ಪುಸ್ತಕ ಕೊಡುವಾಗಲೆಲ್ಲ, “ತಗೊಳ್ಳಿ ಅಣ್ಣ,” ಎನ್ನುತ್ತಿದ್ದುದು ಮೇಲಕ್ಕೆ ಕೇಳಿಸುತ್ತಿತ್ತು. ಜೋಕು ಹೇಳಲಿಲ್ಲ.

ಒಂದು ಗಂಟೆಗೆ ಎಲ್ಲರೂ ಇಳಿದು ಹುಲ್ಲುಹಾಸಿಗೆ ಹೋದರು. ನಾನು ಕುರ್ಚಿಯಲ್ಲೇ ಉಳಿದೆ, ಗುಡಿಸುವಾಕೆಯೂ ಹೋಗಲಿಲ್ಲ. ತನ್ನ ಬುತ್ತಿ ಡಬ್ಬಿಯ ಮುಚ್ಚಳ ತೆಗೆದು ನೋಡಿ, ಮತ್ತೆ ಬಿಗಿಯಾಗಿ ಮುಚ್ಚಿದಳು. ನಾಲ್ಕು ಮೆಟ್ಟಿಲು ಇಳಿದು, ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ಗೋಡೆಯ ಆಚೆಗೆ ಚಾಚಿದಳು. ಅದರ ಅಡಿಗೆ ಎರಡು ಸಲ ತಟ್ಟಿದಳು. ಕೈ ಹಿಂದಕ್ಕೆ ತೆಗೆದಾಗ ಬರಿಗೈ.