ದರ್ಜಿಯ ತೋಳು, ಜಡ್ಜಿಯ ಕೋಟು

ನ್ಯಾಯಾಧೀಶರ ಕೋಟಿನ ತೋಳು ಗಿಡ್ಡವಾಗಿತ್ತು. ಕೋಟನ್ನು ಅವರಿಗೇ ತೊಡಿಸಿ, ಮಗಳ ಪರೀಕ್ಷೆಯ ಸುದ್ದಿ ಹೇಳುತ್ತ ಹೇಳುತ್ತ ದರ್ಜಿ ಕಚ್ಚಾ ಹೊಲಿಗೆ ಹಾಕಿದ. ಮುಗಿಸಿ ನೋಡಿದರೆ, ತನ್ನ ಅಂಗಿಯ ತೋಳನ್ನೂ ಅದಕ್ಕೇ ಸೇರಿಸಿ ಹೊಲಿದುಬಿಟ್ಟಿದ್ದ.

ಬಿಡಿಸಿದರಾಯಿತು. ಆದರೆ ದರ್ಜಿಗೆ ತನ್ನ ಕೈಯ ಮೇಲೇ ಹೇಸಿಗೆ ಹುಟ್ಟಿತ್ತು. ಇನ್ನು ಜೀವಮಾನದಲ್ಲಿ ಕತ್ತರಿ ಮುಟ್ಟುವುದಿಲ್ಲ, ಅಂಗಡಿಗೆ ಬೀಗ ಜಡಿಯುತ್ತೇನೆ ಎಂದು ಪಟ್ಟು ಹಿಡಿದ. ನ್ಯಾಯಾಧೀಶರೇ ಕತ್ತರಿ ಎತ್ತಿಕೊಂಡರು. ನೂಲಿನ ಬದಲು ಕೋಟಿನ ಗುಂಡಿ ಉದುರಿತು. ದರ್ಜಿ ಅಂಗಿ ಕಳಚೋಣವೆಂದರೆ ಒಳಗೆ ಬನಿಯನ್ ಇಲ್ಲ. ಇತ್ತ ಕೋಟಿಲ್ಲದೆ ಕೋರ್ಟಿಲ್ಲ.

ಇಬ್ಬರೂ ಜೋಡಿಯಾಗಿ ಹೊರಟರು. ದರ್ಜಿಯ ಕಾಲು ಚಿಕ್ಕದು. ನ್ಯಾಯಾಧೀಶರು ತಮ್ಮ ನಡಿಗೆ ನಿಧಾನ ಮಾಡಿಕೊಂಡರು.

ಕೋರ್ಟಿನ ಜವಾನ ದರ್ಜಿಯ ಹೆಂಡತಿಯ ತಮ್ಮ. ಅವನು ಇನ್ನೊಂದು ಕುರ್ಚಿ, ಇನ್ನೊಂದು ಲೋಟ ನೀರು ತಂದಿಟ್ಟ. ಗದ್ದಲ ನಿಲ್ಲಿಸಲು ನ್ಯಾಯಾಧೀಶರು ಕೈ ಎತ್ತಿದಾಗಲೆಲ್ಲ ದರ್ಜಿಯ ಕೈಯೂ ಏಳುತ್ತಿತ್ತು. ವಕೀಲರು ಯಾವುದಕ್ಕೂ ಇರಲಿ ಎಂದು ಇಬ್ಬರಿಗೂ ತಲೆಬಾಗಿದರು.

ಮೊದಲ ಕೇಸು ಕೂಗುವ ಮುಂಚೆಯೇ ದರ್ಜಿ ಎದ್ದು ನಿಂತು, ತನಗೆ ಶಿಕ್ಷೆ ಕೊಡಬೇಕೆಂದು ಬೇಡಿಕೊಂಡ.

“ದೂರು ಯಾರದು?”

“ನಂದೇ ಸ್ವಾಮಿ.”

“ಸಾಕ್ಷಿ?”

“ನಾನೇ.”

“ತೀರ್ಪೂ ನೀವೇ ಕೊಟ್ಕೊಂಡಾಗಿದೆ. ಮತ್ತೆ ನಾನ್ಯಾಕೆ ಮಾಸ್ಟ್ರೆ?”

“ನಡೆಯೋರು ಎಡವದೆ ಕೂತೋರು ಎಡವ್ತಾರಾ ಭಾವ?” ಎಂದ ಜವಾನ.

ಅದಿರಲಿ, ಇದು ಆದದ್ದಾದರೂ ಹೇಗೆ ಎಂದು ನ್ಯಾಯಾಧೀಶರು ಕೇಳಿದರು. ಬೈದುಕೊಳ್ಳುವ ಭರದಲ್ಲಿ ದರ್ಜಿ ಅದನ್ನು ಯೋಚಿಸಿಯೇ ಇರಲಿಲ್ಲ.

“ನನ್ನ ಅಂಗಿ ತೋಳು ಮಡಚ್ಕೊಂಡಿರ್ಲಿಲ್ಲ,” ಎಂದ ಕೊನೆಗೆ.

“ಅಷ್ಟೇನಾ?”

“ಅಷ್ಟೇ.”

ಬಾಯಿಬಿಟ್ಟು ಹೇಳಿದ ಮೇಲೆ ಅದು ತೀರ ಚಿಕ್ಕದೆನಿಸಿ ಅವನಿಗೇ ಕಸಿವಿಸಿಯಾಯಿತು. ಗಲ್ಲುಶಿಕ್ಷೆಗಿರಲಿ, ಬೈಗುಳಕ್ಕೂ ಸಾಲದಷ್ಟು ಚಿಕ್ಕದು.

ಜವಾನ ಸೂಜಿದಾರದ ಜೊತೆ ಕತ್ತರಿ ತಂದು ಅವನ ಮುಂದೆ ಇಟ್ಟ. ಸ್ವಲ್ಪ ಹೊತ್ತು ಅದನ್ನೇ ನೋಡುತ್ತಿದ್ದು, ದರ್ಜಿ ಎತ್ತಿಕೊಂಡ. ನೂಲು ಕತ್ತರಿಸಿ, ತನ್ನ ಅಂಗಿಯ ಎರಡೂ ತೋಳನ್ನು ಮೊಣಕೈವರೆಗೆ ಮಡಚಿ, ಕೋಟಿನ ತೋಳನ್ನು ಅಲ್ಲೇ ಹೊಸದಾಗಿ ಹೊಲಿದ.

ಕಟಕಟೆಯಲ್ಲಿ ತನ್ನ ಸರದಿಗೆ ಕಾಯುತ್ತಿದ್ದ ಕಳ್ಳ ಕತ್ತು ಚಾಚಿ ನೋಡಿದ.

“ಒಂದು ಬೆರಳು ಉದ್ದ ಆಯ್ತಲ್ಲ ಮಾಸ್ಟ್ರೆ.”

ದರ್ಜಿ ಕೊರಳಲ್ಲಿದ್ದ ಟೇಪು ಹಿಡಿದು ನೋಡಿದ. ನಿಜ.

“ಹೌದಲ್ಲ,” ಎಂದು ಮತ್ತೆ ದಾರ ಬಿಚ್ಚತೊಡಗಿದ.