ಕೂಗಿನ ಗಂಜಿ

ಮೈ ಕೊಡುವಾಗ ಕೈ ಬಿಗಿ ಹಿಡಿದ ದೇವರು ಕುಷ್ಟನಿಗೆ ಗಂಟಲು ಕೊಡುವಾಗ ಮಾತ್ರ ಅಳತೆ ಮರೆತಿದ್ದ. ಬಿಸಿಲಿಗೆ ಹಾಕಿ ತೆಗೆದ ಒಣಮೀನಿನಂಥ ಶರೀರ, ಆದರೆ ಬಾಯಿ ತೆರೆದನೆಂದರೆ ಕೋಡಿಯ ಕಡಲತೀರದಿಂದ ಹೊಳೆಯ ಆಚೆ ದಡದವರೆಗೆ ಕೇಳಬೇಕು. ಆ ಗಂಟಲನ್ನು ನಾನು ಮೊದಲು ಕೇಳಿದ್ದು ಇಪ್ಪತ್ತು ವರ್ಷದ ಹಿಂದೆ, ಡಿಸೆಂಬರಿನ ಒಂದು ಭಾನುವಾರ, ಅಂಗಳದಲ್ಲಿ ಮೀನು ಮಗುಚಿ ಹಾಕುತ್ತಿದ್ದಾಗ. ಕಡಲ ಕಡೆಯಿಂದ “ಓ… ಹೋ… ಹೋಯ್!” ಎಂದು ಮೂರು ಏಟಿನ ಕೂಗು, ಮೂರನೆಯದು ಮೇಲಕ್ಕೆದ್ದು ಅಲ್ಲೇ ತುಂಡಾಗುತ್ತಿತ್ತು.

ಅದು ನಮ್ಮ ಮನೆಯವರ ಕೂಗು. ಅವರು ತೀರಿಕೊಂಡು ಆಗ ನಾಲ್ಕು ವರ್ಷವಾಗಿತ್ತು.

ನಮ್ಮ ಕೇರಿಯವರು ದಡದಿಂದಲೇ ದೊಡ್ಡ ಬಲೆ ಎಳೆಯುತ್ತಿದ್ದ ಕಾಲದಲ್ಲಿ, ಮರಳದಿಬ್ಬದ ಮೇಲೆ ನಿಂತು ನೀರಿನ ಬಣ್ಣ ನೋಡಿ, ಮೀನಿನ ಹಿಂಡು ಬಂತೆಂದು ಕೂಗು ಹಾಕುವ ಕೆಲಸ ಅವರದ್ದು. ಕೂಗು ಕೇಳಿದವರು ಗಂಡಸು, ಹೆಂಗಸು, ಕೇರಿಗೆ ಬಂದ ನೆಂಟರು ಎಂದಿಲ್ಲದೆ ಓಡಿಬರುತ್ತಿದ್ದರು. ಬಲೆ ಮರಳು ಮುಟ್ಟುವುದರೊಳಗೆ ಹಗ್ಗಕ್ಕೆ ಕೈ ಹಚ್ಚಿದವರಿಗೆಲ್ಲ ಮೀನಿನಲ್ಲಿ ಪಾಲು. ಅವರ ಕೂಗು ಕೇಳಿದ ಮೇಲೆ ಇನ್ನೆಂತ? ಹೆಡಿಗೆ ತಲೆಗಿಟ್ಟು ಓಡಿದೆ. ಸತ್ತವರು ಕೂಗುವುದಿಲ್ಲವೆಂದು ಯೋಚಿಸುವಷ್ಟು ಪುರುಸೊತ್ತು ನನ್ನ ಕಾಲುಗಳಿಗೆ ಇರಲಿಲ್ಲ.

ತೀರಕ್ಕೆ ಹೋಗಿ ನೋಡಿದರೆ ನನ್ನ ಹಾಗೆಯೇ ಹೆಡಿಗೆ ಹೊತ್ತು ಏದುಸಿರು ಬಿಡುವ ಹೆಂಗಸರು ಮೂವತ್ತು ಮಂದಿ. ದೋಣಿಯಿಲ್ಲ, ಬಲೆಯಿಲ್ಲ. ಆಳೆತ್ತರದ ಎರಡು ಕರಿ ಪೆಟ್ಟಿಗೆ, ಡ್ರಮ್ಮುಗಳ ಹಿಂದೆ ಮೆಡಿಕಲ್ ಶಾಪಿನ ಅನೂಪ, ಮುಂದೆ ಗಿಟಾರು ತೂಗಿಕೊಂಡು, ಆ ಉರಿಬಿಸಿಲಲ್ಲಿ ಕೆಂಪು ಉಣ್ಣೆಯ ಸ್ವೆಟರ್ ತೊಟ್ಟು ನಿಂತ ಕುಷ್ಟ. ಹತ್ತು ವರ್ಷ ಬೊಂಬಾಯಿಯ ಹೋಟೆಲಿನಲ್ಲಿದ್ದು ಆಗಷ್ಟೇ ಊರಿಗೆ ಬಂದವನು.

“ಹ್ವಾಯ್ ಕುಷ್ಟ, ಮೀನ್ ಎಲ್ಲಿತ್ತ್ ಮಾರಾಯ?” ಎಂದಳು ನೆರೆಮನೆಯ ಹರಿಣಾಕ್ಷಿ.

“ಮೀನ್ ಇಲ್ಲೆ ಅಕ್ಕ, ಹಾಡ್ ಇತ್ತ್.”

“ನಿನ್ ಹಾಡಿಗೆ ಹುಳಿ ಮೆಣ್ಸ್ ಅರ್ದ್ ಸಾರ್ ಮಾಡುಕ್ ಆತ್ತಾ?”

ಅವನು ನನ್ನ ಕಡೆ ತಿರುಗಿ ಕೈ ಮುಗಿದ. “ಮೈಕ್ ಸರಿ ಇತ್ತಾ ಕಾಂಬ ಅಂದೇಳಿ ಕೂಗ್ದೆ ಸುಂದರಕ್ಕ. ಬಾಯಿಗ್ ಬಂದದ್ ಗುಡ್ಡಣ್ಣನ ಕೂಗೇ. ಸಣ್ಣದ್ರಲ್ಲ್ ಅವ್ರ ಹಿಂದೆ ತಿರ್ಗಿ ಕಲ್ತದ್ ಅದೊಂದೇ, ಹೌದಾ ಅಲ್ದಾ?”

ಈ ‘ಹೌದಾ ಅಲ್ದಾ’ ಅವನ ಮಾತಿನ ಬಾಲ. ಸ್ವಂತ ಹೆಸರು ಹೇಳಿದರೂ ಕೊನೆಗೆ ಅದನ್ನು ಸೇರಿಸಿ, ಎದುರಿನವರು ತಲೆಯಾಡಿಸುವ ತನಕ ಕಾಯುತ್ತಿದ್ದ.

ಹರಿಣಾಕ್ಷಿ ಬಿಡಲಿಲ್ಲ. “ಅದೆಲ್ಲ ಬೇಡ. ಸುಳ್ ಕೂಗ್ ಹಾಕ್ದವ ಗಂಜಿ ಹಾಕ್ಕ್!” ಎಂದಳು. ನಮ್ಮ ಕೇರಿಯ ಕಟ್ಟಳೆ ಅದು. ಕೂಗಿಗೆ ಓಡಿಬಂದವರು ಬರಿಹೊಟ್ಟೆಯಲ್ಲಿ ಹಿಂದೆ ಹೋಗಬಾರದು. ಮೀನು ಬಾರದಿದ್ದರೆ ಕೂಗಿದವನೇ ಎಲ್ಲರಿಗೂ ಗಂಜಿ ಬೇಯಿಸಿ ಹಾಕಬೇಕು. ನಮ್ಮ ಮನೆಯವರೂ ಒಮ್ಮೆ ಮೋಡದ ನೆರಳನ್ನು ಹಿಂಡೆಂದು ಬಗೆದು ಕೂಗಿಬಿಟ್ಟು, ನಲವತ್ತು ಜನಕ್ಕೆ ಗಂಜಿ ಬೇಯಿಸುವ ಪಾಡು ನನಗೆ ಬಂದಿತ್ತು. ಆ ದಿನವೂ ಹಂಡೆ ನಮ್ಮ ಮನೆಯದ್ದೇ, ಒಲೆಯ ಮುಂದೆ ಕೂತವಳೂ ನಾನೇ. ಅಕ್ಕಿ ಮಾತ್ರ ಕುಷ್ಟನದ್ದು. ಗಂಜಿ ಬೇಯುವ ತನಕ ಎದ್ದು ಹೋಗುವ ಹಾಗಿಲ್ಲವಾದ್ದರಿಂದ ಹೆಂಗಸರೆಲ್ಲ ಹೆಡಿಗೆ ಬೋರಲು ಹಾಕಿ ಅದರ ಮೇಲೆ ಕೂತರು, ಕೂತದ್ದರಿಂದ ಹಾಡು ಕೇಳಿದರು. ಕುಂದಾಪುರದ ನೆಲದಲ್ಲಿ ಮೊದಲ ರಾಕ್ ಸಂಗೀತಕ್ಕೆ ಜನ ಸೇರಿದ್ದು ಹೀಗೆ ಎಂದು ನಮ್ಮ ಕೇರಿಯವರು ಹೇಳಿಕೊಳ್ಳುತ್ತಾರೆ.

ಆ ಸಂಗೀತ ಯಾಕೆಂದು ಅವನು ಹೇಳಿದ್ದು ಗಂಜಿ ಉಣ್ಣುವಾಗ. ಶಾಸ್ತ್ರಿ ಸರ್ಕಲಿನ ಹತ್ತಿರ ಚಳಿಗಾಲ ಬಂತೆಂದರೆ ಸ್ವೆಟರ್ ಹರವಿ ಕೂರುವ ಟಿಬೆಟಿನ ಹೆಂಗಸು ಡೋಲ್ಮಾ. ನಮ್ಮೂರಿನ ಸೆಕೆಯಲ್ಲಿ ಅವಳ ಸ್ವೆಟರಿಗೆ ಗಿರಾಕಿ ಯಾರು? ಕುಷ್ಟ ಒಂದು ದಿನ ಹೋಗಿ, “ಇಲ್ಲಿ ಯಾಕ್ ಕೂತಿದ್ರಿ? ನಿಮ್ ಊರಂಗೆ ಮಾರ್ರೆ ಆಯ್ತಿಲ್ಯಾ?” ಎಂದು ಕೇಳಿದನಂತೆ. ಮುಂಡಗೋಡದ ಕಡೆ ಬೆಳೆದ ಅವಳು ಆ ಕಡೆಯ ಕನ್ನಡದಲ್ಲಿ, “ಊರು ಅಲ್ಲೇ ಐತಿ ತಮ್ಮಾ, ಹೋಗಾಕ ಬಿಡಂಗಿಲ್ಲ” ಎಂದಳಂತೆ. ಆರು ವರ್ಷದವಳಿದ್ದಾಗ ಅಪ್ಪನ ಹೆಗಲ ಮೇಲೆ ಹಿಮದ ಬೆಟ್ಟ ದಾಟಿ ಬಂದವಳು. ತಮ್ಮನೊಬ್ಬ ಅಲ್ಲೇ ಉಳಿದ, ಅವನ ಸುದ್ದಿಯಿಲ್ಲ. ಕುಷ್ಟ ಆ ದಿನವೇ ಒಂದು ಕೆಂಪು ಸ್ವೆಟರ್ ಕೊಂಡು, ನೀವು ನಿಮ್ಮ ಊರಿಗೆ ಹೋಗುವ ತನಕ ವರ್ಷಕ್ಕೊಂದು ಸಂಜೆ ನಿಮ್ಮ ಬಿಡುಗಡೆಗಾಗಿ ಹಾಡುತ್ತೇನೆ ಎಂದು ಮಾತು ಕೊಟ್ಟು ಬಂದ. ಕೊಡುವಾಗ ‘ಹೌದಾ ಅಲ್ದಾ’ ಸೇರಿಸಿದನೋ ಇಲ್ಲವೋ, ನಾನು ಕೇಳಲಿಲ್ಲ.

ಆ ಮೇಲೆ ಡಿಸೆಂಬರಿನ ಎರಡನೆಯ ಭಾನುವಾರವೆಂದರೆ ನಮಗೆ ಹಬ್ಬದ ಹಾಗೆ. ಟಿಕೇಟು ಇಟ್ಟರೆ ಯಾರೂ ಬಾರರೆಂದು ಅವನಿಗೆ ಗೊತ್ತಿತ್ತು. ಅದಕ್ಕೆ ಹೆಂಗಸರು ತಂದ ಮೀನನ್ನು ಎರಡು ಹಾಡಿನ ನಡುವೆ ಮರಳಿನ ಮೇಲೆ ಹರಾಜು ಹಾಕಿ, ಬಂದದ್ದನ್ನು ಡೋಲ್ಮಾಳ ಜನರ ಹೋರಾಟದ ಸಂಘಕ್ಕೆ ಕಳಿಸುತ್ತಿದ್ದ. ವಾರಕ್ಕೆ ಮೊದಲೇ ಸೈಕಲ್ಲಿನಲ್ಲಿ ಒಂದು ದಿನ ಬೈಂದೂರಿಗೆ, ಒಂದು ದಿನ ಬ್ರಹ್ಮಾವರಕ್ಕೆ ಹೋಗಿ ಗೋಡೆಗೆ ಕಾಗದ ಅಂಟಿಸುವನು. ಹಾಡು ಕನ್ನಡದ್ದು, ತಾನೇ ಕಟ್ಟಿದ್ದು. ಗಿಟಾರು ಗುಡುಗುವಾಗ ನನ್ನ ಎದೆಯ ಗೂಡೇ ನಡುಗುತ್ತಿತ್ತು. ಮೊದಮೊದಲು ಹೆದರಿಕೆ, ಆಮೇಲೆ ಅದೇ ರೂಢಿಯಾಗಿ, ಆ ನಡುಕ ಬಾರದಿದ್ದರೆ ಎಂತದೋ ಕಳೆದುಕೊಂಡ ಹಾಗೆ. ಅವನ ನಡಿಗೆಯೂ ವಿಚಿತ್ರ: ಟಾರು ರಸ್ತೆಯಲ್ಲಿಯೂ ಮರಳಿನಲ್ಲಿ ನಡೆಯುವವನಂತೆ ಹಿಮ್ಮಡಿ ಎತ್ತಿ ಎತ್ತಿ ಇಡುವನು, ದೂರದಿಂದ ಕಂಡರೆ ನೆಲವನ್ನೇ ನಂಬದವನಂತೆ ಕಾಣುತ್ತಿದ್ದ.

ಸ್ವೆಟರ್ ಮಾತ್ರ ಬಿಡಲಿಲ್ಲ. ಬೆವರು ಗಲ್ಲದಿಂದ ಇಳಿದು ಗಿಟಾರಿನ ಮೇಲೆ ತೊಟ್ಟಿಕ್ಕಿದರೂ ಸಂಗೀತ ಮುಗಿಯುವ ತನಕ ಅದನ್ನು ಕಳಚಲಾರ.

“ಮರ್ಲಾ ನಿಂಗೆ? ಈ ಸೆಕಿಯಂಗೆ ಸ್ವೆಟರ್ ಎಂತಕ್ಕಾ?” ಎಂದು ನಾನು ಬೈದರೆ, “ಅವ್ರ್ ಅಷ್ಟ್ ದೊಡ್ಡ್ ಚಳಿ ಬಿಟ್ಕಂಡ್ ಈ ಸೆಕಿಯಂಗ್ ಬದ್ಕುದಿಲ್ಯಾ? ನಾನ್ ವರ್ಷಕ್ ಒಂದ್ ಸಂಜಿ ಬೆವರ್ರೆ ಸಾಯ್ತ್ನಾ, ಹೌದಾ ಅಲ್ದಾ?” ಎನ್ನುವನು. ನಾನು ತಲೆಯಾಡಿಸಬೇಕು.

ಆರಂಭವಂತೂ ಪ್ರತಿವರ್ಷವೂ ಅದೇ ಕೂಗಿನಿಂದ. ಅದು ಕೇಳಿದ ಕೂಡಲೇ ಹಿಂಡು ಬಂದಿಲ್ಲವೆಂದು ಗೊತ್ತಿದ್ದೂ ಹೆಂಗಸರು ಹೆಡಿಗೆ ಹೊತ್ತು ಓಡುವರು, ಹರಿಣಾಕ್ಷಿ “ಮೀನ್ ಎಲ್ಲಿತ್ತ್ ಮಾರಾಯ?” ಎಂದು ಕೇಳುವಳು, ಗಂಜಿಯ ಹಂಡೆ ಒಲೆಯೇರುವುದು. ಎದುರಿನ ಸಾಲಿನಲ್ಲಿ ಡೋಲ್ಮಾ ಕಣ್ಣು ಮುಚ್ಚಿ, ಬೆರಳಲ್ಲಿ ಜಪಮಣಿ ತಿರುಗಿಸುತ್ತ ಕೂರುವಳು. ಅಂಥ ಗದ್ದಲದ ನಡುವೆಯೂ ಆ ಮುಖದಲ್ಲಿ ಅಷ್ಟು ನಿಶ್ಶಬ್ದ ಹೇಗೆ ಉಳಿಯುತ್ತಿತ್ತೋ.

ಹದಿಮೂರನೆಯ ವರ್ಷ ಅವಳು ಬರಲಿಲ್ಲ. ಮುಂಡಗೋಡದಲ್ಲೇ ತೀರಿಹೋದಳೆಂದು ಮಗಳು ಬಂದು ಹೇಳಿದಳು. ಆಗ ಕೇರಿಯವರೆಲ್ಲ, ಮಾತು ಕೊಟ್ಟದ್ದು ಯಾರಿಗೋ ಅವಳೇ ಇಲ್ಲ, ಇನ್ನು ಸಾಕು ಎಂದರು. ನಾನೂ ಹೇಳಿದೆ.

“ಅಷ್ಟ್ ವರ್ಷ ಕೂಗ್ದೆ, ಮೀನ್ ಬಂತಾ ಕುಷ್ಟ?”

ಅವನು ಹಂಡೆಯ ತಳ ಉಜ್ಜುತ್ತ ಕೂತಿದ್ದ. ತಲೆ ಎತ್ತದೆ ಹೇಳಿದ: “ನಾನ್ ಹಾಕದ್ ಸುಳ್ ಕೂಗಲ್ಲ ಸುಂದರಕ್ಕ. ಹಿಂಡ್ ದೂರ ಇತ್ತ್. ಬಪ್ಪು ತನ್ಕ ಗಂಜಿ ಹಾಕ್ತೆ.”

ನನ್ನ ಹತ್ತಿರ ಆಡಿದ ಅವನ ಮಾತಿಗೆ ಬಾಲವಿಲ್ಲದ್ದು ಆ ಒಂದು ಸಲ. ನಾನು ಮತ್ತೆ ಆ ಮಾತು ಎತ್ತಲಿಲ್ಲ. ಆ ವರ್ಷ ಎದುರಿನ ಸಾಲಿನಲ್ಲಿ ಡೋಲ್ಮಾಳ ಮಗಳು ಕೂತಿದ್ದಳು, ಕೈಯಲ್ಲಿ ಅದೇ ಜಪಮಣಿ.

ಕಳೆದ ವರ್ಷ ಅವನ ಕೂಗು ಮೂರನೆಯ ಏಟಿಗೆ ಏರಲಿಲ್ಲ. ಒಡೆದ ಶಂಖದ ಹಾಗೆ ಗಾಳಿಯಾಗಿ ಹೋಯಿತು. ಶೀತವೆಂದ. ಶೀತವಲ್ಲ, ಗಂಟಲಿನಲ್ಲಿ ಗಡ್ಡೆ. ಈ ಮಳೆಗಾಲದಲ್ಲಿ ಆಸ್ಪತ್ರೆಯವರು ಗಂಟಲು ಕೊಯ್ದು ಸ್ವರದ ಪೆಟ್ಟಿಗೆಯನ್ನೇ ತೆಗೆದರು. ನಾನು ಗಂಜಿತಿಳಿ ತೆಗೆದುಕೊಂಡು ಹೋದಾಗ, ದೇವರು ಅಳತೆ ಮರೆತು ಕೊಟ್ಟದ್ದು ಹೊರಟುಹೋಗಿ, ಬಿಗಿಹಿಡಿದು ಕೊಟ್ಟ ಆ ಮೈ ಮಾತ್ರ ಹಾಸಿಗೆಯ ಮೇಲಿತ್ತು. ಕಾಲ ಬುಡದಲ್ಲಿ ಮಡಚಿಟ್ಟ ಕೆಂಪು ಸ್ವೆಟರ್. ಹದಿನೈದು ದಿನದ ಮೇಲೆ ಕುಷ್ಟ ಹೋದ.

ಈಗ ಆ ಭಾನುವಾರಕ್ಕೆ ಇನ್ನು ಹನ್ನೊಂದು ದಿನ. ಅನೂಪ ಬಂದು ಡ್ರಮ್ಮಿನ ಧೂಳು ಒರೆಸಿ ಹೋದ, ಗಿಟಾರು ತಾನು ಹಿಡಿಯುತ್ತೇನೆಂದು ಬ್ರಹ್ಮಾವರದ ಹುಡುಗಿ ಪ್ರೇಕ್ಷಾ ಹೇಳಿ ಕಳಿಸಿದ್ದಾಳೆ. ಹಾಡಿಗೆ ಜನವಿದೆ, ಕೂಗಿಗೆ ಇಲ್ಲ. ಕೂಗಿದವರ ಮೇಲೆ ಗಂಜಿಯ ಹೊಣೆ ಬೀಳುತ್ತದೆ, ಎಲ್ಲರಿಗೂ ಗೊತ್ತು. ಹೆಂಗಸರು ದಿಬ್ಬ ಹತ್ತಿ ಕೂಗಿದ್ದು ನಮ್ಮಲ್ಲಿ ಇಲ್ಲ, ಅದರಲ್ಲೂ ಗಂಡ ಸತ್ತವಳು. ಆದರೂ ನಿನ್ನೆ ಒಲೆಯ ಮುಂದೆ ಒಬ್ಬಳೇ ಇದ್ದಾಗ ಮೆಲ್ಲಗೆ ಬಾಯಿ ತೆರೆದು ನೋಡಿದೆ. ಎರಡು ಏಟು ಬಂತು.

ಮೀನು ಕಣ್ಣೆದುರು ಹಾರಿದ ಮೇಲೆ ಕೂಗುವವರು ಊರು ತುಂಬ ಇದ್ದಾರೆ, ಪಾಲಿಗೆ ಬರುವವರು ಅದಕ್ಕಿಂತ ಹೆಚ್ಚು. ದೂರದ ಹಿಂಡು ತಮ್ಮೊಬ್ಬರಿಗೇ ಕಂಡಿತೆಂದು ಕೂಗಿಬಿಟ್ಟು, ಅದು ದಡಕ್ಕೆ ಬರುವ ತನಕ, ತಾವು ಇರಲಿ ಇಲ್ಲದಿರಲಿ, ಬಂದವರ ಹೊಟ್ಟೆಯ ಹೊಣೆ ಹೊತ್ತು ನಡೆಯುವವರು ಬೇರೆಯೇ ಒಂದು ಬಗೆಯ ಮನುಷ್ಯರು. ಬದುಕಿರುವಾಗ ನಾವು ಅವರನ್ನು ಮರ್ಲರೆಂದು ನಗುತ್ತೇವೆ, ಅವರು ಹೋದ ಮೇಲೆ ಹಂಡೆ ತೊಳೆದಿಡುತ್ತೇವೆ.

ಗಂಜಿತಿಳಿ ಒಯ್ದ ಆ ದಿನ ಆಸ್ಪತ್ರೆಯಲ್ಲಿ ನಾನು ಏಳುವ ಹೊತ್ತಿಗೆ ಅವನು ಕೈಸನ್ನೆ ಮಾಡಿ ಕಾಗದ ತರಿಸಿ, ದೊಡ್ಡ ದೊಡ್ಡ ಅಕ್ಷರದಲ್ಲಿ ಬರೆದು ಕೊಟ್ಟ. ಮೂರನೆಯ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು; ಒಂದೊಂದೇ ಅಕ್ಷರ ಬೆರಳಿಟ್ಟು ಕೂಡಿಸಿ ಓದಿದೆ. ಓದಿ ಮುಗಿಯುವ ತನಕ ಅವನು ನನ್ನ ತಲೆಯನ್ನೇ ನೋಡುತ್ತಿದ್ದ, ಆಡುತ್ತದೋ ಇಲ್ಲವೋ ಎಂದು.

“ಸುಂದರಕ್ಕ, ಈ ಸರ್ತಿ ಕೂಗ್ ನೀವ್ ಹಾಕಿ. ಗಂಜಿ ಹ್ಯಾಂಗೂ ನಿಮ್ದೇ, ಹೌದಾ ಅಲ್ದಾ?”