ಹಳೇ ಚಂದ್ರಿಕೆಯ ಸಮುದ್ರ

ನನಗೊಂದು ಸಲ ಸಮುದ್ರ ತೋರಿಸು ಎಂದು ಗಂಡ ಚನ್ನಬಸವನನ್ನು ಕೇಳಲು ಶುರುಮಾಡಿ ಹನ್ನೊಂದು ವರ್ಷವಾಯಿತು. ಮದುವೆಯಾದ ಹೊಸದರಲ್ಲಿ ತಾನೇ ಮಾತು ಕೊಟ್ಟಿದ್ದ ಮಹಾನುಭಾವ. ಆಮೇಲೆ ಕೇಳಿದಾಗಲೆಲ್ಲ ರೇಷ್ಮೆಹುಳು ಬಿಟ್ಟು ಹೊನ್ನೂರಿಂದ ಕದಲುವ ಹಾಗಿಲ್ಲ ಎನ್ನುತ್ತಾನೆ. ಹುಳುವಿನ ಹಸಿವು ಅವನಿಗೆ ಗೊತ್ತಾಗುತ್ತದೆ, ಹೆಂಡತಿಯ ಆಸೆ ಗೊತ್ತಾಗುವುದಿಲ್ಲ.

ಈ ಸಲ ನನಗೆ ಸಿಟ್ಟು ನೆತ್ತಿಗೇರಿತು. ಹುಳುಮನೆಯ ಹಿಂದೆ ಹಳೇ ಬಿದಿರಿನ ಚಂದ್ರಿಕೆಗಳು ಬಿದ್ದಿದ್ದವು. ಹಣ್ಣಾದ ಹುಳು ಗೂಡು ಕಟ್ಟಲೆಂದು ಬಿಡುವ ತಟ್ಟೆಗಳು ಅವು. ಪ್ಲಾಸ್ಟಿಕ್ಕಿನವು ಬಂದ ಮೇಲೆ ಅವನ್ನು ಕೇಳುವವರಿಲ್ಲ. ಸುತ್ತುಸುತ್ತಾಗಿದ್ದ ಬಿದಿರಿನ ಪಟ್ಟಿ ಬಿಚ್ಚಿ, ಬಾಗಿಲಿಗೆ ಹೊಡೆದು ಮಿಕ್ಕಿದ್ದ ನೀಲಿ ಬಣ್ಣ ಬಳಿದು, ನಡುಮನೆಯ ಗೋಡೆ ತುಂಬ ಅಲೆ ಎಬ್ಬಿಸಿದೆ. ತೆಂಗಿನ ನಾರು ಮರಳಾಯಿತು, ಹರಿದ ಟಾರ್ಪಾಲು ದೋಣಿಯ ಹಾಯಿಯಾಯಿತು. ಚಿಟ್ಟೆ ಕೊರೆದು ಹೋದ ತೂತುಗೂಡುಗಳಿಗೆ ಬಾಲ ಹೊಲಿದು ಮೀನು ಮಾಡಿದೆ. ನಮ್ಮದು ಲಿಂಗ ಕಟ್ಟುವ ಮನೆ, ಗೋಡೆ ಮೇಲೆ ಮೀನು ಕಂಡರೆ ಜನ ಸುಮ್ಮನಿರುತ್ತಾರೆಯೇ? ಅದಕ್ಕೇ ಒಂದೊಂದು ಮೀನಿನ ಹಣೆಗೂ ಮೂರು ಗೆರೆ ವಿಭೂತಿ ಎಳೆದುಬಿಟ್ಟೆ.

ಅಷ್ಟಕ್ಕೆ ಬಿಟ್ಟಿದ್ದರೆ ಚೆನ್ನಾಗಿತ್ತು. ಟೇಬಲ್ ಫ್ಯಾನಿಗೆ ಸೆರಗು ಹಾರಿಸಿಕೊಂಡು, ಅಲೆ ಮಾತ್ರ ಕಾಣುವ ಹಾಗೆ ಫೋಟೊ ತೆಗೆದು, ‘ಕೊನೆಗೂ ಸಮುದ್ರ’ ಎಂದು ಸ್ಟೇಟಸ್ ಹಾಕಿದೆ.

ಅದನ್ನು ನೋಡಿ ಮಾರನೇ ದಿನವೇ ಹನೂರಿನಿಂದ ಗಂಡನ ಅಕ್ಕ ಪುಟ್ಟಬಸಮ್ಮ ಬಂದಿಳಿದರು. ದೂರದ ಪಯಣ ಹೊರಡುವವರಿಗೆ ಮನೆಯ ಹಿರೀ ಮಗಳು ಆರತಿ ಎತ್ತಿ ಕಳಿಸಬೇಕು, ಅದು ಇವರ ಮನೆತನದ ಪದ್ಧತಿ. ಹೊಸ್ತಿಲು ದಾಟದೆ ನಿಂತು, ಅಕ್ಕ ಸತ್ತೋದ್ಲು ಅಂದ್ಕೊಂಡ್ರಾ ಎಂದು ಶುರುಮಾಡಿದರು. ಎಲ್ಲೂ ಹೋಗಿಲ್ಲ ಎಂದು ಚನ್ನಬಸವ ಮಾದಪ್ಪ ದೇವರ ಮೇಲೆ ಆಣೆ ಇಟ್ಟು, ಗೋಡೆಯ ಕಡೆ ಕೈ ತೋರಿಸಿ ನನ್ನ ಬಂಡವಾಳವನ್ನೆಲ್ಲ ಬಯಲು ಮಾಡಿದ. ಅತ್ತಿಗೆಯ ಮಾತೆಂದರೆ ಈ ಮನೆಯಲ್ಲಿ ಶಾಸನ. ಅವರೊಂದು ಸಲ ನಕ್ಕುಬಿಟ್ಟರೆ ಮುಗಿಯಿತು, ಇನ್ನು ಸಮುದ್ರದ ಹೆಸರೆತ್ತಲು ನನಗೆ ಮುಖವಿರುವುದಿಲ್ಲ.

ಅವರು ನಗಲಿಲ್ಲ. ಒಳಗೆ ಬಂದು, ಕನ್ನಡಕ ಹಾಕಿಕೊಂಡು ಅಲೆಗಳ ಮೇಲೆ ಬೆರಳಾಡಿಸಿದರು. ವಿಭೂತಿ ಮೀನುಗಳನ್ನು ಒಂದೊಂದಾಗಿ ನೋಡಿದರು. ನಿಜವಾದ ಸಮುದ್ರ ಹಿಂಗೇ ಇರುತ್ತದಾ ಎಂದು ಕೇಳಿದರು. ನೋಡಿದ್ದರೆ ತಾನೇ ಗೊತ್ತಾಗುವುದು ಎಂದೆ, ಅಳು ಬಂದೇಬಿಟ್ಟಿತು.

“ಅಳ್ಬೇಡ ಕಣಮ್ಮಿ, ನಾನೂ ನೋಡಿಲ್ಲ” ಎಂದರು. “ನಂಗೆ ಅರವತ್ತು ಒರ್ಸ ಆಯ್ತು. ನಮ್ಮನೇರೂ ಇವತ್ತು ಓಗುವ, ನಾಳೆ ಓಗುವ ಅಂತ್ಲೇ ಕಾಲ ಕಳುದ್ರು.”

ಆರತಿ ತಟ್ಟೆ ತರಲು ಹೇಳಿದರು. ತಂದುಕೊಟ್ಟೆ. ನನ್ನನ್ನು ಮಣೆ ಮೇಲೆ ನಿಲ್ಲಿಸಿ ಆರತಿ ಎತ್ತಿದರು, ಆಮೇಲೆ ತಾವು ನಿಂತು ನನ್ನ ಕೈಲಿ ಎತ್ತಿಸಿಕೊಂಡರು. ಚನ್ನಬಸವ ಅಂಗಿ ಗುಂಡಿ ಹಾಕಿಕೊಂಡು, ತಲೆ ಬಗ್ಗಿಸಿ, ಮೂರನೆಯವನಾಗಿ ಮಣೆ ಹತ್ತಲು ಬಂದ.

ಅತ್ತಿಗೆ ಮಣೆ ಎತ್ತಿ ಗೋಡೆಗೆ ಒರಗಿಸಿದರು.

“ನಿಂಗ್ಯಾಕ್ಲಾ ಆರತಿ? ಓಯ್ತಿರೋರು ನಾವಿಬ್ರು.”

ನಾನು ಸೀರೆ ಬದಲಾಯಿಸಲು ಒಳಗೆ ಓಡಿದೆ.